ಸಿಸ್ನು ಪುಡಿ ಮತ್ತು ನನ್ನ ಗಾದಿ

ವ್ಯಾಪಾರಿಯ ಬುದ್ಧಿ ತಲೆಯಲ್ಲಿರುತ್ತದೆ ಎಂದು ಜನ ನಂಬಿದ್ದಾರೆ. ಶುದ್ಧ ತಪ್ಪು ತಿಳಿವಳಿಕೆ. ಅದು ಇರುವುದು ಅವನು ಕೂರುವ ಜಾಗದಲ್ಲಿ.

ನೇಪಾಳದ ತಾನ್ಸೇನ್ ಪೇಟೆಯಲ್ಲಿ, ಶೀತಲಪಾಟಿ ಚೌಕದಿಂದ ಕೆಳಗಿಳಿಯುವ ಕಲ್ಲುಹಾಸಿನ ಬೀದಿಯಲ್ಲಿ ನಮ್ಮ ಹಿತ್ತಾಳೆ ಪಾತ್ರೆಗಳ ಅಂಗಡಿ. ಅಂಗಡಿಯೊಳಗೆ ಒಂದು ಕೆಂಪು ಗಾದಿ. ತಾತ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಂಬಿಗೆ ಮಾರಿದ, ಅಪ್ಪ ಮಾರಿದ, ಈಗ ಹರ್ಷಮಾನ್ ಶಾಕ್ಯನಾದ ನಾನು ಮಾರುತ್ತಿದ್ದೇನೆ. ಮೂರು ತಲೆಮಾರಿನ ಭಾರಕ್ಕೆ ಹತ್ತಿಯ ನಡುವೆ ಒಂದು ತಗ್ಗು ಬಿದ್ದಿದೆ. ಆ ತಗ್ಗಿನಲ್ಲಿ ಕೂತರೆ ಸಾಕು, ಗಿರಾಕಿಯ ಮುಖ ನೋಡಿದ ಕೂಡಲೇ ಬೆಲೆ ತಾನಾಗಿ ಬಾಯಿಗೆ ಬರುತ್ತದೆ. ಎದ್ದು ನಿಂತರೆ ನಾನೂ ನಿಮ್ಮ ಹಾಗೆಯೇ ಸಾಮಾನ್ಯ ಮನುಷ್ಯ.

ನಮ್ಮ ನೇವಾರ ಜನಾಂಗದ ಮನೆಗಳಲ್ಲಿ ಅಂಗಡಿ ನೆಲಮಟ್ಟದ ಅಂತಸ್ತಿನಲ್ಲಿ, ಅಡುಗೆಮನೆ ಎಲ್ಲಕ್ಕಿಂತ ಮೇಲೆ, ಹಂಚಿನ ಕೆಳಗೆ. ಮೇಲಿನ ರಾಜ್ಯ ನನ್ನ ಹೆಂಡತಿ ಹೀರಾಶೋಭಾಳದು. ಕೆಳಗಿನದು ನನ್ನದು. ನಡುವಿನ ಕಡಿದಾದ ಮರದ ಏಣಿ ಗಡಿರೇಖೆ. ನಾನು ಮೇಲಿನ ರಾಜ್ಯದ ಉಪ್ಪುಖಾರದ ವಿಷಯದಲ್ಲಿ ತಲೆ ಹಾಕುವುದಿಲ್ಲ. (ಹಾಕಿದ ದಿನ ಊಟ ಹಾಕುವುದಿಲ್ಲ.) ಆದರೆ ಅವಳು ಕೆಳಗಿನ ರಾಜ್ಯದ ಎಲ್ಲ ವಿಷಯದಲ್ಲೂ ಏಣಿಯ ನಡುವೆ ನಿಂತು ಅಭಿಪ್ರಾಯ ಎಸೆಯುತ್ತಾಳೆ. ಎಸೆದದ್ದು ಗುರಿ ತಪ್ಪಿದ್ದಿಲ್ಲ. ನನ್ನ ದೂರು ಅದೇ.

ಇತ್ತೀಚೆಗೆ ತಂಬಿಗೆ ಕೊಳ್ಳುವವರು ಕಡಿಮೆ. ಮದುವೆಗೆ ಉಡುಗೊರೆ ಕೊಡುವವರೂ ಪ್ರೆಶರ್ ಕುಕ್ಕರ್ ಕೊಡುತ್ತಾರೆ. ಗಾದಿಯ ಮೇಲೆ ಕೂತು ನೊಣ ಓಡಿಸುತ್ತಿದ್ದಾಗ ಒಂದು ದಿನ ನನಗೆ ಜ್ಞಾನೋದಯವಾಯಿತು. ಎದುರಿನ ಮುರುಕು ಗೋಡೆಯ ಸಂದಿಯಲ್ಲಿ ಸಿಸ್ನು ಚಿಗುರಿ ನಿಂತಿತ್ತು.

ಸಿಸ್ನು ಗೊತ್ತಲ್ಲ? ಮುಟ್ಟಿದರೆ ಮೈಯೆಲ್ಲ ಚುರುಗುಟ್ಟುವ ತುರಿಕೆ ಸೊಪ್ಪು. ನಮ್ಮ ಗುಡ್ಡಗಾಡಿನಲ್ಲಿ ಬೇಲಿಗೊಂದು, ಗೋಡೆಗೊಂದು. ಬಿದಿರಿನ ಚಿಮಟದಲ್ಲಿ ಎಳೆ ಕುಡಿ ಚಿವುಟಿ, ಕುದಿಸಿ, ಬೆಳ್ಳುಳ್ಳಿ ಹಾಕಿ ಸಾರು ಮಾಡಿದರೆ ಮುದ್ದೆಗೆ ಅದರಂಥ ಜೊತೆ ಇಲ್ಲ. ಕುದಿ ಬಂದೊಡನೆ ಉರಿಯೆಲ್ಲ ಹೋಗಿ ಸಾಧುವಾಗಿಬಿಡುತ್ತದೆ. ನನ್ನ ಅಮ್ಮ ಒಂದೇ ಗಿಡದಿಂದ ಎರಡು ಕೆಲಸ ಮಾಡಿಸುತ್ತಿದ್ದಳು: ನಾನು ಶಾಲೆಗೆ ಹೋದ ದಿನ ಸಾರು, ಹೋಗದ ದಿನ ಮೀನಖಂಡಕ್ಕೆ ಎರಡೇಟು. ನನಗೆ ಬಂದಿರುವ ವಿದ್ಯೆಯಲ್ಲಿ ಅರ್ಧ ಆ ಗಿಡದ ಕೃಪೆ.

ಈಗ ಕಾಠ್ಮಂಡುವಿನವರು ಅದನ್ನು ಒಣಗಿಸಿ ಪುಡಿ ಮಾಡಿ, ಬಣ್ಣದ ಪೊಟ್ಟಣಕ್ಕೆ ತುಂಬಿ, ಕೀಲುನೋವಿಗೆ, ಸಕ್ಕರೆಗೆ, ಬಿಪಿಗೆ ಎಂದು ಔಷಧಿ ಅಂಗಡಿಯಲ್ಲಿಡುತ್ತಿದ್ದಾರೆ. ನಮ್ಮ ಗೋಡೆಯ ಸಂದಿಯ ಗಿಡ! ನಾನು ಹಿತ್ತಾಳೆ ಉಜ್ಜುತ್ತಾ ಕೂತಿದ್ದೇನೆ!

"ಹೀರಾ, ಇಳಿದು ಬಾರೇ!" ಎಂದು ಕೂಗಿದೆ.

ಅವಳು ಗಡಿರೇಖೆಯ ಅರ್ಧಕ್ಕೆ ಬಂದು ನಿಂತಳು. "ಏನ್ರೀ, ಗಿರಾಕಿ ಬಂದ್ರಾ? ಅಷ್ಟು ಆಶ್ಚರ್ಯದಲ್ಲಿ ಕೂಗ್ತಿದೀರಿ."

ನಾನು ಯೋಜನೆ ವಿವರಿಸಿದೆ. ಅವಳು ಕೇಳಿಸಿಕೊಂಡು, "ಸೊಪ್ಪು ಯಾರು ಕೊಯ್ತಾರೆ? ನೀವಾ? ಕರಿಬೇವು ಬಿಡಿಸೋಕೆ ಹೇಳಿದ್ರೆ ಬೆನ್ನು ನೋವು ಅಂತೀರಿ," ಎಂದಳು.

"ಕೆಳಗಿನ ಕಣಿವೆಯ ಧನಸರಾ ಅಕ್ಕನ ಅಮ್ಮಂದಿರ ಸಂಘದವರು ಕೊಯ್ತಾರೆ. ಒಣಗಿಸ್ತಾರೆ. ನಾನು ಪುಡಿ ಮಾಡ್ಸಿ ಪೊಟ್ಟಣ ಕಟ್ತೀನಿ. ಪೊಟ್ಟಣದ ಮೇಲೆ ನನ್ನ ಫೋಟೋ. ಢಾಕಾ ಟೋಪಿ ಹಾಕ್ಕೊಂಡು."

"ಹೂಂ. ಜನ ಹೆದರಿ ಗುಣ ಆಗ್ತಾರೆ."

"ನೋಡು, ಕಾಠ್ಮಂಡುವಿನ ಅಸನ್ ಬಜಾರಿನ ಪೂರ್ಣಕಾಜಿ ತುಲಾಧರ್ ಗೊತ್ತಲ್ಲ? ಗಿಡಮೂಲಿಕೆ ವ್ಯಾಪಾರದಲ್ಲಿ ದೊಡ್ಡ ಕುಳ. ಅವನು ನಮ್ಮ ಪುಡಿ ತಗೊಂಡ ಅಂದ್ರೆ ಮುಗೀತು. ಈ ಅಂಗಡಿಗೆ ಮತ್ತೆ ಜೀವ ಬಂತು ಅಂತಲೇ."

"ತಗೊಳ್ಳದಿದ್ರೆ?"

ಇಂಥ ಪ್ರಶ್ನೆಗೆ ಗಂಡಸು ಆಲೋಚಿಸಿ ಉತ್ತರಿಸಬೇಕು. ಆಲೋಚಿಸುವ ಗಂಡಸಿಗೆ ಮದುವೆಯಾಗಿರುವುದಿಲ್ಲ. ನಾನು ಗಾದಿಯ ಮೇಲೆ ಅಂಗೈ ಬಡಿದು, "ತಗೊಳ್ಳದಿದ್ರೆ ಈ ಗಾದಿ ನಿನಗೆ. ನೀನು ಇಲ್ಲಿ ಕೂತು ವ್ಯಾಪಾರ ಮಾಡು, ನಾನು ಮೇಲೆ ಹೋಗಿ ಸಾರು ಕಲಕ್ತೀನಿ," ಎಂದುಬಿಟ್ಟೆ.

"ತಗೊಂಡ್ರೆ?"

"ತಗೊಂಡ್ರೆ ನೀನು ಇನ್ನು ಆ ಏಣಿಯ ಅರ್ಧಕ್ಕೆ ಬಂದು ನಿಲ್ಲೋ ಹಾಗಿಲ್ಲ."

ಹೀರಾ ಕೆಳಗಿಳಿದು ಬಂದು ಗಾದಿಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು. ಮಾರುಕಟ್ಟೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ. "ಹತ್ತಿ ಹೊಸದು ತುಂಬಿಸ್ಬೇಕು," ಎಂದಷ್ಟೇ ಹೇಳಿ ಮೇಲೆ ಹೋದಳು. ನನಗೆ ಆಗಲೇ ಸಣ್ಣಗೆ ಬೆವರಬೇಕಿತ್ತು. ಬೆವರಲಿಲ್ಲ. ನನಗೆ ನನ್ನ ಮೇಲೆ ಅಷ್ಟು ವಿಶ್ವಾಸ.

ಕೆಲಸ ಭರದಿಂದ ಸಾಗಿತು. ಧನಸರಾ ದರ್ಲಾಮಿ ಎಂಬ ಮಗರ ಜನಾಂಗದ ಹೆಂಗಸು ಆ ಸಂಘದ ನಾಯಕಿ. ಗಟ್ಟಿ ಧ್ವನಿ, ಅದಕ್ಕಿಂತ ಗಟ್ಟಿ ಮೊಣಕೈ. ಅವರ ಸಂಘಕ್ಕೆ ಎರಡು ಕಸುಬು. ಬೆಳಗ್ಗೆ ಸಿಸ್ನು ಕೊಯ್ಯುವುದು. ಸಂಜೆ ಅದೇ ಸಿಸ್ನುವಿನ ಹಸಿ ಕಟ್ಟು ಹಿಡಿದು ಹಾದಿ ಕಾಯುವುದು. ಕುಡಿದು ತೂರಾಡುತ್ತಾ ಬರುವ ಗಂಡಂದಿರ ಮೀನಖಂಡಕ್ಕೆ ಅದರ ಸ್ಪರ್ಶಭಾಗ್ಯ. ಒಮ್ಮೆ ಅದರ ರುಚಿ ಕಂಡವನು ನಮ್ಮ ನಾಡಸಾರಾಯಿ ರಕ್ಸಿ ಕಾಯಿಸುವ ಮನೆಯ ಹಾದಿಯನ್ನೇ ಬದಲಿಸುತ್ತಾನೆ.

ಒಪ್ಪಂದದ ದಿನ ಸಂಘದ ಅಂಗಳದಲ್ಲಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕೊರಳಿಗೆ ಹಾರ ಹಾಕಿದರು. ಹಾರ ಬಿದ್ದ ಕೊರಳಿನಿಂದ ಭಾಷಣ ಬರದೆ ಇದ್ದೀತೇ? ನಾನು ಎದ್ದು ನಿಂತು ಘೋಷಿಸಿದೆ: "ತಾಯಂದಿರೇ! ನಿಮ್ಮ ಹೋರಾಟಕ್ಕೆ ನನ್ನ ಪೂರ್ಣ ಬೆಂಬಲ. ಕುಡುಕ ಯಾರೇ ಆಗಿರಲಿ, ಬಡವನಾಗಲಿ ಸಾಹುಕಾರನಾಗಲಿ, ನಾಳೆ ನಾನೇ ಆಗಿರಲಿ, ದಾಕ್ಷಿಣ್ಯ ತೋರಿಸಬೇಡಿ!"

ಚಪ್ಪಾಳೆಯೋ ಚಪ್ಪಾಳೆ. ಧನಸರಾ ಅಕ್ಕನಂತೂ, "ಸಾಹುಜಿ, ಮಾತು ಅಂದ್ರೆ ಇದು. ನೆನಪಿಟ್ಕೋತೀವಿ," ಎಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಆಮೇಲೆ ಪೊಟ್ಟಣದ ಗಲಾಟೆ. ನನ್ನ ಫೋಟೋ, ಹೆಸರು, 'ಸಕಲ ರೋಗ ಸಂಹಾರಿ ಸಿಸ್ನು ಚೂರ್ಣ' ಎಂಬ ದಪ್ಪ ಅಕ್ಷರ, ಇಷ್ಟು ಹಾಕುವಷ್ಟರಲ್ಲಿ ಜಾಗ ಮುಗಿಯಿತು. ಆ ದಿನ ಹೀರಾಳ ತಂಗಿ ಸುಜಾತಾ ಬಂದಿದ್ದಳು. ಆಸ್ಪತ್ರೆಯಲ್ಲಿ ನರ್ಸು. ಭಾವನನ್ನು ಗೇಲಿ ಮಾಡುವುದು ನಾದಿನಿಯ ಜನ್ಮಸಿದ್ಧ ಹಕ್ಕು. ಇವಳು ಅದರ ಮೇಲೆ ಬಡ್ಡಿಯನ್ನೂ ವಸೂಲು ಮಾಡುವವಳು.

ನಮೂನೆ ನೋಡಿದವಳೇ, "ಭಾವ, ಇದರಲ್ಲಿ ಔಷಧಿ ಯಾವುದು, ಫೋಟೋದಲ್ಲಿ ಇರೋದಾ, ಪೊಟ್ಟಣದ ಒಳಗಿರೋದಾ?" ಎಂದಳು.

"ನಗಬೇಡ. ಕೀಲುನೋವಿಗೆ ಒಳ್ಳೇದಲ್ವಾ?"

"ಕೆಲವರಿಗೆ ನೋವು ಕಡಿಮೆ ಆಗುತ್ತೆ ಅಂತಾರೆ. ಕಬ್ಬಿಣಾಂಶ ಇದೆ, ಊಟಕ್ಕಂತೂ ಬಹಳ ಒಳ್ಳೇ ಸೊಪ್ಪು. ಆದ್ರೆ ಸಕಲ ರೋಗ ಸಂಹಾರ ಅಂತ ಯಾವ ಡಾಕ್ಟ್ರೂ ಹೇಳಿಲ್ಲ. ಮತ್ತೆ, ಇದು ಬಿಪಿ ಇಳಿಸುತ್ತೆ, ಸಕ್ಕರೆ ಇಳಿಸುತ್ತೆ, ಮೂತ್ರ ಜಾಸ್ತಿ ಮಾಡುತ್ತೆ."

"ಆಹಾ! ಅದನ್ನೇ ತಾನೇ ನಾನು ಹೇಳ್ತಿರೋದು!"

"ಅದಕ್ಕೇ ಭಾವ ಹೆದರಬೇಕಾದ್ದು. ಆಗಲೇ ಅದೇ ಕೆಲಸಕ್ಕೆ ಮಾತ್ರೆ ತಗೊಳ್ಳೋರು ಇದನ್ನೂ ಚಮಚ ಚಮಚ ತಿಂದ್ರೆ ಎರಡೂ ಸೇರಿ ಇಳಿಸ್ತಾ ಹೋಗುತ್ತೆ. ಕೊನೆಗೆ ಮನುಷ್ಯನೇ ಇಳಿದುಬಿಡ್ತಾನೆ. ರಕ್ತ ತೆಳುವಾಗೋ ಮಾತ್ರೆಯವರಿಗೂ ಆಗಲ್ಲ. ಬಸುರಿಯರಿಗೆ ಪುಡಿ ಬೇಡವೇ ಬೇಡ. ಇವೆಲ್ಲ ಪೊಟ್ಟಣದ ಮೇಲೆ ಬರೀರಿ."

"ಜಾಗ ಇಲ್ಲ."

"ಟೋಪಿ ತೆಗೀರಿ, ಜಾಗ ಬರುತ್ತೆ," ಎಂದಳು ಹೀರಾ ಏಣಿಯ ಮೇಲಿಂದ.

ಟೋಪಿ ತೆಗೆದರೆ ಬೋಳು ಕಾಣುತ್ತದೆ. ಬೋಳುತಲೆಯ ಚೂರ್ಣವನ್ನು ಯಾರು ಕೊಳ್ಳುತ್ತಾರೆ? ಅಲ್ಲದೆ, ಮಾಲು ಮಾರುವವನು ಅದನ್ನು ಯಾರು ಕೊಳ್ಳಬಾರದು ಎಂದು ಸಾರುವುದುಂಟೇ? ನನ್ನ ತಾತ ತಂಬಿಗೆ ಮಾರುವಾಗ 'ಇದು ಕಾಲ ಮೇಲೆ ಬಿದ್ದರೆ ಹೆಬ್ಬೆರಳು ಜಜ್ಜುತ್ತದೆ' ಎಂದು ಯಾರಿಗಾದರೂ ಹೇಳಿದ್ದನೇ? ಹೀಗೆ ವಾದಿಸಿ ಇಬ್ಬರ ಬಾಯಿ ಮುಚ್ಚಿಸಿದೆ. (ಅವರಿಬ್ಬರೂ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನೇ ನಾನು ಗೆಲುವು ಎಂದು ಲೆಕ್ಕ ಹಿಡಿದೆ.)

ಪೂರ್ಣಕಾಜಿಗೆ ಫೋನು ಮಾಡಿದೆ. ಅವನು ಸುಲಭದ ಗಿರಾಕಿಯಲ್ಲ. "ಸಾಹುಜಿ, ಪುಡಿ ಮಾರೋರೆಲ್ಲ ಪುಡಿ ಒಳ್ಳೇದು ಅಂತಲೇ ಹೇಳ್ತಾರೆ. ತಿಂದೋರು ಯಾರಾದ್ರೂ ಇದ್ರೆ ತೋರ್ಸಿ," ಎಂದ.

"ತೋರಿಸೋದೇನು, ಅವನ ಜೊತೆಗೇ ಮಾತಾಡ್ತಾ ಇದೀರಲ್ಲ!" ಎಂದೆ. ಮಾತು ಬಾಯಿಂದ ಹೊರಟ ಮೇಲೆ ಅದರ ಹಿಂದೆ ಓಡುವುದೊಂದೇ ಉಳಿದ ದಾರಿ. "ನಾನು ಬಿಪಿ ಮನುಷ್ಯ. ಮಾತ್ರೆಗಳನ್ನ ಕಿಟಕಿಯಾಚೆ ಎಸೆದು ಈಗ ಬರೀ ಸಿಸ್ನು ಪುಡಿ ಮೇಲೆ ಇದೀನಿ. ಬಂದು ಮಿಷನ್ ಹಚ್ಚಿ ನೋಡಿ, ಇಪ್ಪತ್ತರ ಹುಡುಗನ ಹಾಗೆ ತೋರಿಸುತ್ತೆ."

"ಹಾಗಾ? ಮುಂದಿನ ವಾರ ಗುಡ್ಡದ ಕೆಳಗಿನ ಬುಟ್ವಲ್ ಪೇಟೆಗೆ ಬರೋದಿದೆ. ಹಾಗೇ ಮೇಲೆ ಹತ್ತಿ ಬಂದುಬಿಡ್ತೀನಿ."

ಈಗ ನನ್ನ ಸಂಕಟ ನೋಡಿ. ಮಾತ್ರೆ ನಿಲ್ಲಿಸಿದ್ದೇನೆ ಎಂದು ಅವನಿಗೂ ಮನೆಯವರಿಗೂ ಹೇಳಿಯಾಗಿದೆ. ನಿಜವಾಗಿ ನಿಲ್ಲಿಸಲು ನನಗೇನು ಹುಚ್ಚೇ? ಬಿಪಿ ಏರಿ ಹೊಡೆದುಕೊಂಡರೆ ಹೋಗುವುದು ನನ್ನ ಜೀವ, ಪೂರ್ಣಕಾಜಿಯದಲ್ಲ. ಆದ್ದರಿಂದ ಮಾತ್ರೆಗಳನ್ನು ಹಿತ್ತಾಳೆ ತಂಬಿಗೆಯೊಂದರಲ್ಲಿ ಬಚ್ಚಿಟ್ಟು, ಬೆಳಗ್ಗೆ ಗುಟ್ಟಾಗಿ ನುಂಗುವುದು, ಎಲ್ಲರೆದುರು ಪುಡಿ ಕುಡಿಯುವುದು ಎಂದು ಏರ್ಪಾಡು ಮಾಡಿಕೊಂಡೆ. ಸುಳ್ಳು ಗಿರಾಕಿಗೆ, ನಿಜ ದೇಹಕ್ಕೆ. ಇದಕ್ಕಿಂತ ನ್ಯಾಯವಾದ ಹಂಚಿಕೆ ಉಂಟೇ?

ಒಂದು ಚಮಚ ಕುಡಿದೆ. ಸುಖವೆನಿಸಿತು. ಅಂಕಿ ಇನ್ನಷ್ಟು ಚೆಂದ ಬರಲಿ ಎಂದು ಎರಡು ಮಾಡಿದೆ. ಪೂರ್ಣಕಾಜಿ ಬರುವ ದಿನ ಹತ್ತಿರವಾದಂತೆ ಚಮಚ ಬಿಟ್ಟು ಹಿಡಿಗೆ ಬಂದೆ. ಕುದಿಸಿದ ಸಿಸ್ನು ನೀರನ್ನು ಮನೆಯಲ್ಲಿ ಬಿದ್ದಿದ್ದ ಹಳೆಯ ರಕ್ಸಿ ಬಾಟಲಿಗೆ ತುಂಬಿಸಿ, ಅದನ್ನು ಕಂಕುಳಲ್ಲಿಟ್ಟುಕೊಂಡು ದಿನವಿಡೀ ಗುಟುಕರಿಸತೊಡಗಿದೆ. ಮೂತ್ರದ ವಿಷಯದಲ್ಲಿ ಸುಜಾತಾ ಹೇಳಿದ್ದು ಸುಳ್ಳಲ್ಲ. ಗಿರಾಕಿ ಬೆಲೆ ಕೇಳುತ್ತಿದ್ದಾಗಲೇ ನಾನು ಎದ್ದು ಹಿತ್ತಲಿಗೆ ಓಡುತ್ತಿದ್ದೆ. ಹಿಂತಿರುಗುವಷ್ಟರಲ್ಲಿ ಗಿರಾಕಿಯೂ ಓಡಿರುತ್ತಿದ್ದ.

"ಏನ್ರೀ, ವ್ಯಾಪಾರ ಅಂಗಡೀಲೋ ಹಿತ್ತಲಲ್ಲೋ?" ಎಂದಳು ಹೀರಾ. "ಮುಖ ಬಿಳುಚಿಕೊಂಡಿದೆ. ಎದ್ದ ಕೂಡಲೇ ಗೋಡೆ ಹಿಡ್ಕೋತೀರಿ. ಮಾತ್ರೆ ಬಿಟ್ಟು ಹೀಗೆ ಆಗ್ತಿದೆ, ಮೊದಲು ಮಾತ್ರೆ ತಗೊಳ್ಳಿ."

"ಶುದ್ಧವಾಗ್ತಿದೆ ಕಣೇ ದೇಹ. ವಿಷ ಹೊರಗೆ ಹೋಗ್ತಿದೆ."

"ನೀವೇ ಪೂರ್ತಿ ಹೊರಗೆ ಹೋಗೋಕೆ ಮುಂಚೆ ನಿಲ್ಲಿಸಿ."

ಪೂರ್ಣಕಾಜಿ ನಾಳೆ ಬೆಳಗ್ಗೆ ಬರುತ್ತಾನೆ ಎನ್ನುವ ದಿನ ಹೊಸ ಮಾಲು ನೋಡಲು ನಾನು ಕಣಿವೆಗೆ ಇಳಿದೆ. ಇಳಿಯುವುದೇನೂ ಕಷ್ಟವಲ್ಲ, ನಮ್ಮೂರಿನಲ್ಲಿ ಎಡವಿದವನೂ ಇಳಿಯುತ್ತಾನೆ. ಕಷ್ಟವಾದದ್ದು ಹತ್ತುವಾಗ. ಅರ್ಧ ದಾರಿಯಲ್ಲಿ ಗುಡ್ಡ ನನ್ನ ಸುತ್ತ ಮೆಲ್ಲಗೆ ತಿರುಗತೊಡಗಿತು. ಕಾಲು ಒಂದು ಕಡೆ, ನಾನು ಇನ್ನೊಂದು ಕಡೆ. ಹಾದಿ ಬದಿಯ ಒಂದು ಗೋಡೆ ನನಗಾಗಿಯೇ ಕಾದಿರುವಂತೆ ಕಂಡಿತು. ಅದನ್ನು ಅಪ್ಪಿಕೊಂಡು ನಿಂತೆ. ಗಂಟಲು ಒಣಗಿತ್ತು. ಬಾಟಲಿ ತೆಗೆದು ಎರಡು ಗುಟುಕು ಇಳಿಸಿದೆ.

ಅದು ರಕ್ಸಿ ಕಾಯಿಸುವ ಮನೆಯ ಗೋಡೆ. ಹೊತ್ತು ಸಂಜೆ. ಹಾದಿಯ ತಿರುವಿನಲ್ಲಿ ಅಮ್ಮಂದಿರ ಸಂಘ.

"ಅಯ್ಯಯ್ಯೋ, ನೋಡ್ರೇ ಯಾರು ಅಂತ! ನಮ್ಮ ಸಾಹುಜಿ!" ಯಾರೋ ಕೂಗಿದರು. ಕಣ್ಣು ಬಿಟ್ಟರೆ ಧನಸರಾ ಅಕ್ಕ ಇಬ್ಬರಾಗಿ ಕಾಣುತ್ತಿದ್ದಳು. ಒಬ್ಬಳನ್ನೇ ಎದುರಿಸುವುದು ಕಷ್ಟ. ಅವಳ ಹಿಂದೆ ಇನ್ನಷ್ಟು ಹೆಂಗಸರು. ಒಬ್ಬಳ ಬೆನ್ನಮೇಲೆ ಆಗ ತಾನೇ ಕೊಯ್ದ ಸಿಸ್ನು ತುಂಬಿದ ದೊಡ್ಡ ಬಿದಿರುಬುಟ್ಟಿ.

"ಏನ್ ಸಾಹುಜಿ, ಯಾವಾಗಿಂದ ಈ ಅಭ್ಯಾಸ?"

"ನಾ...ನಾನು ಕುಡಿದಿಲ್ಲ ಅಕ್ಕ," ಎಂದೆ. ನಾಲಿಗೆ ಉಣ್ಣೆಯ ಉಂಡೆಯಂತಾಗಿತ್ತು. 'ಕುದಿದಿಲ್ಲ' ಎಂದು ಬಂತೋ ಏನೋ.

"ಕೈಯಲ್ಲಿ ಏನು?"

"ಔಷಧಿ."

ಹೆಂಗಸರೆಲ್ಲ ಒಟ್ಟಿಗೆ ನಕ್ಕರು. "ನನ್ನ ಗಂಡಾನೂ ಔಷಧಿ ಅಂತಲೇ ಹೇಳ್ತಿದ್ದ!" "ನಮ್ಮವನು ಹೊಟ್ಟೆನೋವಿಗೆ ಅಂತಿದ್ದ!"

"ತಾಯಾಣೆ, ಇದು ಸಿಸ್ನು ನೀರು!"

"ಹಾಗಾ?" ಎಂದಳು ಧನಸರಾ ಅಕ್ಕ. "ಒಳಗೆ ಹೋಗಿದೆಯಲ್ಲ, ಹೊರಗೂ ಸ್ವಲ್ಪ ಆಗ್ಲಿ. ಸಾಹುಜಿ, ನಮಗೇನೂ ಆಸೆಯಿಲ್ಲ. ಆದ್ರೆ ನಾನೇ ಆಗಿರಲಿ, ದಾಕ್ಷಿಣ್ಯ ತೋರಿಸಬೇಡಿ ಅಂತ ನೀವೇ ಹೇಳಿದ್ದು. ಹಾರ ಹಾಕ್ಕೊಂಡು ಆಡಿದ ಮಾತು. ನಾಳೆ ಊರಿನ ಗಂಡಸರು ಏನಂತಾರೆ? ಬಡವನಿಗೆ ಸಿಸ್ನು, ಸಾಹುಕಾರನಿಗೆ ನಮಸ್ಕಾರ ಅಂತಾರೆ."

ನನ್ನ ಭಾಷಣ ಅಷ್ಟು ಚೆನ್ನಾಗಿ ಯಾರಾದರೂ ನೆನಪಿಟ್ಟುಕೊಂಡದ್ದು ಅದೇ ಮೊದಲು.

ನ್ಯಾಯವಾಗಿ ಹೇಳಬೇಕೆಂದರೆ ಅವಳು ಹೊಡೆಯಲಿಲ್ಲ. ಮೀನಖಂಡಕ್ಕೆ ಮೆಲ್ಲಗೆ ಒಂದು ಸಲ ಸವರಿದಳು, ಮಂಗಳಾರತಿ ಬೆಳಗಿದ ಹಾಗೆ. ನಾನು ಬೆಂಕಿ ತುಳಿದವನಂತೆ ಹಿಂದಕ್ಕೆ ಹಾರಿದೆ. ಹಿಂದೆ ಆ ಹೆಂಗಸು ಬುಟ್ಟಿ ಇಳಿಸಿಟ್ಟಿದ್ದಳು. ಅದೇ ಗಳಿಗೆಯಲ್ಲಿ ನನ್ನ ಕಾಲುಗಳು ರಾಜೀನಾಮೆ ಕೊಟ್ಟವು. ಹರ್ಷಮಾನ್ ಶಾಕ್ಯನು ಹಸಿ ಸಿಸ್ನು ತುಂಬಿದ ಬುಟ್ಟಿಯಲ್ಲಿ, ಗಾದಿಯ ಮೇಲೆ ಕೂರುವಷ್ಟೇ ಗಾಂಭೀರ್ಯದಿಂದ ಆಸೀನನಾದನು.

ನನ್ನ ಪಾಯಿಜಾಮ ತೆಳು ಹತ್ತಿಯದು. ಮುಂದಿನದನ್ನು ಸಭ್ಯ ಓದುಗರಿಗೆ ವಿವರಿಸಲಾರೆ. ಕೂಗು ಕಣಿವೆಯ ಆಚೆ ದಂಡೆಗೆ ಹೋಗಿ ಹಿಂತಿರುಗಿ ಬಂತು ಎಂದು ಆಮೇಲೆ ಕೇಳಿದೆ. ನನಗೆ ತಿಳಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ನನಗೆ ಕಣ್ಣು ಕತ್ತಲೆ ಬಂದಿತ್ತು.

ನಾನು ತಲೆವಾಲಿಸಿದ್ದು ನೋಡಿ ಧನಸರಾ ಅಕ್ಕ ಬಾಟಲಿ ಮೂಸಿದಳಂತೆ. "ಅಯ್ಯೋ ಶಿವನೇ, ಇದು ನಿಜವಾಗ್ಲೂ ಸಿಸ್ನು ಕಣ್ರೇ! ಎತ್ರೀ, ಎತ್ರೀ!" ಬುಟ್ಟಿಯಿಂದ ಎತ್ತಿ, ಅದೇ ಬುಟ್ಟಿ ಖಾಲಿ ಮಾಡಿ, ಅದರಲ್ಲೇ ನನ್ನನ್ನು ಕೂರಿಸಿ ಬೆನ್ನಮೇಲೆ ಹೊತ್ತು ಆಸ್ಪತ್ರೆಗೆ ತಂದರು. ಕೂರಿಸಿದಾಗ ಎಚ್ಚರವಾಯಿತು. (ಬುಟ್ಟಿಯನ್ನು ಖಾಲಿ ಮಾಡಿದ್ದರು, ಒದರಿರಲಿಲ್ಲ.)

ಸುಜಾತಾ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದಳು. ಮುಳ್ಳು ನೋಡಿದಳು. ಮತ್ತೆ ಒತ್ತಿದಳು. "ಅಕ್ಕ, ಇವರ ಬಿಪಿ ನೆಲ ಮುಟ್ಟಿದೆ. ಭಾವ, ಮಾತ್ರೆ ಬಿಟ್ಟಿದೀನಿ ಅಂದಿರಲ್ಲ?"

ಹೀರಾ ಓಡಿ ಬಂದಿದ್ದಳು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಿ ಸುಳ್ಳು ಹೇಳುವಷ್ಟು ಕಟುಕ ನಾನಲ್ಲ. "ತಂಬಿಗೆಯಲ್ಲಿ ಬಚ್ಚಿಟ್ಟು ನುಂಗ್ತಾ ಇದ್ದೆ," ಎಂದೆ.

ಹೀರಾಳ ಕಣ್ಣೀರು ಅಲ್ಲಿಗೇ ನಿಂತಿತು. "ಮಾತ್ರೇನೂ ನುಂಗಿ, ಪುಡೀನೂ ಕುಡಿದು! ಹೆಂಡತಿ ಹತ್ರ ಸುಳ್ಳು, ಗಿರಾಕಿ ಹತ್ರ ಸುಳ್ಳು, ದೇಹದ ಹತ್ರ ಮಾತ್ರ ಎರಡೆರಡು ಸಲ ನಿಜ!"

"ಭಾವ," ಎಂದಳು ಸುಜಾತಾ, "ಸಿಸ್ನು ಸಾರು ಊಟಕ್ಕೆ ತಿನ್ನಿ, ಯಾರೂ ಬೇಡ ಅನ್ನಲ್ಲ. ಪುಡಿ ಹಿಡಿ ಹಿಡಿ ತಿನ್ನೋದು ನಿಮಗೆ ಆಗಲ್ಲ. ಮಾತ್ರೆ ಎಷ್ಟು, ಯಾವಾಗ ಅನ್ನೋದನ್ನ ಡಾಕ್ಟ್ರು ಹೇಳ್ತಾರೆ, ತಂಬಿಗೆ ಹೇಳಲ್ಲ. ಈಗ ಅಂಗಾತ ಮಲಗಿ, ಕಾಲು ಮೇಲೆತ್ತಿ."

"ಅಂಗಾತ ಆಗಲ್ಲ."

"ಯಾಕೆ?"

ನಾನು ಗೋಡೆಯ ಕಡೆ ಮಗ್ಗುಲಾದೆ. ಬಾಗಿಲ ಬಳಿ ನಿಂತಿದ್ದ ಧನಸರಾ ಅಕ್ಕ ನೆಲ ನೋಡುತ್ತಾ, "ಸಾಹುಜಿ ಬುಟ್ಟೀಲಿ ಕೂತಿದ್ರು," ಎಂದಳು. ನನ್ನ ನಾದಿನಿ ಔಷಧಿ ತರುವ ನೆಪದಲ್ಲಿ ಹೊರಗೆ ಹೋದಳು. ಅವಳ ನಗು ಓಣಿಯುದ್ದಕ್ಕೂ ಕೇಳಿಸಿತು.

ಬೆಳಗಾಗುವ ಹೊತ್ತಿಗೆ ತಲೆ ನೆಟ್ಟಗಾಗಿ ಮನೆಗೆ ಬಂದೆ. ಉಳಿದ ಭಾಗ ಇನ್ನೂ ಉರಿಯುತ್ತಿತ್ತು. ಪೂರ್ಣಕಾಜಿ ಬರುವ ಸಮಯ. ಮೂರು ತಲೆಮಾರಿನ ಗಾದಿ ಎದುರಿಗಿದೆ. ಕೂತು ನೋಡಿದೆ. ಕೂತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಎದ್ದೆ.

"ಇವತ್ತೊಂದು ದಿನ ನೀನು ಕೂತ್ಕೋ," ಎಂದೆ ಹೀರಾಳಿಗೆ. "ಮಾತು ನಾನೇ ಆಡ್ತೀನಿ."

ಪೂರ್ಣಕಾಜಿ ಬಂದ. ತೆಳ್ಳನೆ ಮನುಷ್ಯ, ಬಿಗಿದ ತುಟಿ, ಮೂಗಿನ ತುದಿಯಲ್ಲಿ ಕನ್ನಡಕ. ಅಂಗಡಿಗೆ ಬಂದವನು ಗಾದಿಯ ಮೇಲಿದ್ದವರೊಡನೆ ಮಾತಾಡುತ್ತಾನೆ, ಕಂಬ ಹಿಡಿದು ನಿಂತವನೊಡನೆ ಅಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವನು ಪೊಟ್ಟಣ ಎತ್ತಿ ಹೀರಾಳನ್ನು ಕೇಳಿದ: "ಸಾಹುನಿ, ಇದು ಯಾರಿಗೆ ಒಳ್ಳೇದು ಅಂತ ದಪ್ಪಕ್ಕೆ ಬರೆದಿದೆ. ಯಾರಿಗೆ ಆಗಲ್ಲ ಅನ್ನೋದು ಎಲ್ಲಿ? ಹೋದ ತಿಂಗಳು ಬೇರೆ ಕಡೆಯಿಂದ ತಂದ ಪುಡೀನ ಒಬ್ಬ ಮುದುಕಿ ಸಕ್ಕರೆ ಮಾತ್ರೆ ಜೊತೆ ತಿಂದು ಬಿದ್ದುಹೋದ್ಲು. ಅವಳ ಮಗ ನನ್ನ ಅಂಗಡಿ ಮುಂದೆ ಬಂದು ಬೈದದ್ದು ಅಸನ್ ಬಜಾರಿಗೆಲ್ಲ ಕೇಳ್ತು."

ನಾನು ಹೀರಾಳಿಗೆ ಕಣ್ಸನ್ನೆ ಮಾಡಿದೆ. 'ಎಲ್ಲರಿಗೂ ಒಳ್ಳೇದು' ಎನ್ನು ಎಂಬ ಕಣ್ಸನ್ನೆ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಕಣ್ಸನ್ನೆ ಅವಳಿಗೆ ಅರ್ಥವಾದದ್ದಿಲ್ಲ. ಅಥವಾ ಯಾವಾಗಲೂ ಅರ್ಥವಾಗಿದೆ.

"ಕೇಳಿ," ಎಂದಳು ಅವಳು, ಹುಟ್ಟಿದಾಗಿನಿಂದ ಆ ತಗ್ಗಿನಲ್ಲೇ ಕೂತವಳ ಹಾಗೆ. "ಸೊಪ್ಪು ನಮ್ಮ ಅಮ್ಮಂದಿರ ಸಂಘದ್ದು. ಚೈತ್ರದ ಎಳೆ ಕುಡಿ ಮಾತ್ರ. ಹೂ ಬಿಟ್ಟ ಮೇಲೆ ಕೊಯ್ಯಲ್ಲ, ಅದು ಒರಟು, ಮೂತ್ರಪಿಂಡಕ್ಕೆ ಒಳ್ಳೇದಲ್ಲ. ಸಾರಿಗೆ, ಸೂಪಿಗೆ ಚೆನ್ನಾಗಿದೆ. ಕೀಲುನೋವಿಗೆ ಕೆಲವರಿಗೆ ಹಿಡಿಸುತ್ತೆ, ಎಲ್ಲರಿಗೂ ಅಂತ ನಾನು ಆಣೆ ಮಾಡಲ್ಲ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳದೆ ಮುಟ್ಟಬಾರದು. ಬಸುರಿಯರಿಗೆ ಕೊಡಲೇಬಾರದು."

"ಇಷ್ಟೆಲ್ಲ ಹೇಳ್ತೀರಿ, ಪುರಾವೆ?"

ಹೀರಾ ತಲೆ ಎತ್ತದೆ ಕೈ ತೋರಿಸಿದಳು. "ಅಲ್ಲಿ ನಿಂತಿದೆ."

ಪೂರ್ಣಕಾಜಿ ಕನ್ನಡಕ ಮೇಲೇರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹೀರಾ ನಡೆದದ್ದೆಲ್ಲವನ್ನೂ ಹೇಳಿದಳು: ತಂಬಿಗೆ, ಬಾಟಲಿ, ಗೋಡೆ, ಭಾಷಣ. ಬುಟ್ಟಿಯನ್ನಾದರೂ ಬಿಡುತ್ತಾಳೆಂದುಕೊಂಡೆ. ಬಿಡಲಿಲ್ಲ. ಆ ಬಿಗಿದ ತುಟಿಯ ಮನುಷ್ಯ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ನಕ್ಕು ಮುಗಿಸಿ, "ಸಾಹುನಿ, ನನಗೆ ಬೇಕಾದ್ದು ಇಂಥವರೇ. ನೀವು ಕಳಿಸೋಷ್ಟು ಪುಡಿ ನಾನು ತಗೋತೀನಿ. ಆದ್ರೆ ಈಗ ಹೇಳಿದ ಮಾತೆಲ್ಲ ಪೊಟ್ಟಣದ ಮೇಲೆ ಬರಬೇಕು," ಎಂದ.

ಅವನು ಚಹಾ ಕುಡಿದು ಹೊರಟೊಡನೆ ನಾನು ಕಂಬ ಬಿಟ್ಟು ಎದೆ ಸೆಟೆಸಿದೆ. "ಏನೇ? ಪೂರ್ಣಕಾಜಿ ಮಾಲು ತಗೊಂಡ್ನೋ ಇಲ್ವೋ? ಪಂಥ ಯಾರು ಗೆದ್ದಿದ್ದು?"

"ನೀವೇ ಗೆದ್ದಿದ್ದು," ಎಂದಳು ಹೀರಾ ಒಂದಿಷ್ಟೂ ಜಗಳವಾಡದೆ. ಪಕ್ಕಕ್ಕೆ ಸರಿದು ಗಾದಿಯ ಮೇಲೆ ಪ್ರೀತಿಯಿಂದ ತಟ್ಟಿದಳು. "ಬನ್ನಿ, ಕೂತ್ಕೊಳ್ಳಿ."

ನಾನು ಗಾದಿ ನೋಡಿದೆ. ಗಾದಿ ನನ್ನನ್ನು ನೋಡಿತು.

"ಪರವಾಗಿಲ್ಲ," ಎಂದೆ. "ಇವತ್ತೊಂದು ದಿನ ನಿಂತೇ ಇರ್ತೀನಿ."

ಆ ಒಂದು ದಿನ ಇನ್ನೂ ಮುಗಿದಿಲ್ಲ. ಉರಿ ಇಳಿದು ಎಷ್ಟೋ ಕಾಲವಾಯಿತು. ಆದರೆ ಕಾಠ್ಮಂಡುವಿನಿಂದ ಫೋನು ಬಂದರೆ 'ಸಾಹುನಿ ಇದ್ದಾರಾ' ಎನ್ನುತ್ತಾರೆ. ಧನಸರಾ ಅಕ್ಕ ಸೊಪ್ಪು ತಂದರೆ ನೇರ ಅವಳ ಪಕ್ಕ ಕೂತು ಹರಟುತ್ತಾಳೆ. ಗಾದಿಗೆ ಹೊಸ ಹತ್ತಿ ತುಂಬಿಸಿಯಾಗಿದೆ. ನಮ್ಮ ವಂಶದ ತಗ್ಗು ಹೋಗಿ ಅವಳ ಅಳತೆಯ ತಗ್ಗು ಬೀಳುತ್ತಿದೆ. ಅವಳು ಏಣಿಯ ಅರ್ಧಕ್ಕೆ ಬಂದು ನಿಲ್ಲುವುದನ್ನು ಮಾತ್ರ ಪೂರ್ತಿ ಬಿಟ್ಟಿದ್ದಾಳೆ. ಮಾತಿಗೆ ತಪ್ಪುವ ಹೆಂಗಸಲ್ಲ. ಈಗ ಅಲ್ಲಿ ಬಂದು ನಿಲ್ಲುವವನು ನಾನು, ಕೈಯಲ್ಲಿ ಸೌಟು ಹಿಡಿದು.

ಫೋಟೋ ವಿಷಯದಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಪೊಟ್ಟಣದ ಮೇಲೆ ನನ್ನ ಮುಖ ಇರಲೇಬೇಕೆಂದು ಹಟ ಹಿಡಿದೆ. ಹೀರಾ ಒಪ್ಪಿದಳು. ಮುಂಭಾಗದಲ್ಲಿ ಎಲೆಯ ಚಿತ್ರ. ಹಿಂಭಾಗದಲ್ಲಿ 'ಇವರು ಸೇವಿಸಬಾರದು' ಎಂಬ ದಪ್ಪಕ್ಷರ, ಅದರ ಕೆಳಗೆ ಢಾಕಾ ಟೋಪಿಯಲ್ಲಿ ನಾನು.

ಮೊನ್ನೆ ಪೋಖರಾ ಕಡೆಯ ಒಬ್ಬ ಅಜ್ಜಿ ಅಂಗಡಿಗೆ ಬಂದಿದ್ದಳು. ಪೊಟ್ಟಣ ತಿರುಗಿಸಿ ನನ್ನ ಫೋಟೋ ನೋಡಿ ಲೊಚಗುಟ್ಟಿದಳು. "ಪಾಪ, ಒಳ್ಳೇ ಮುಖ. ಇದನ್ನ ತಿಂದು ಹೋಗಿಬಿಟ್ರಾ?"

"ಇಲ್ಲಮ್ಮ, ಮೇಲೆ ಸಾರು ಕಲಕ್ತಿದಾರೆ," ಎಂದಳು ಹೀರಾ.

ನಾನು ಮೇಲಿನ ಕಿಟಕಿಯಿಂದ ತಲೆ ಹೊರಹಾಕಿ, ಸೌಟು ಎತ್ತಿ ನಮಸ್ಕರಿಸಿದೆ. ಅಜ್ಜಿ ಒಮ್ಮೆ ಫೋಟೋ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಸಮಾಧಾನದಿಂದ ತಲೆಯಾಡಿಸಿದಳು.

"ಇಷ್ಟು ಪೆದ್ದುತನ ಮಾಡಿದ ಮೇಲೂ ಉಳಿದಿದಾನೆ ಅಂದ್ರೆ ಪುಡಿ ಒಳ್ಳೇದೇ ಇರ್ಬೇಕು. ಇನ್ನೊಂದು ಕೊಡಮ್ಮ."

ನೋಡಿದಿರಾ? ನಾನು ಮೊದಲೇ ಹೇಳಿದ್ದೆ. ಈ ಪುಡಿ ಓಡುವುದು ನನ್ನ ಮುಖದ ಮೇಲೆಯೇ.